ಋತುಸಂಧಿಯಲ್ಲಿ ಕಾರವಾರ

ಮಳೆ ಮುಗಿಯಿತೆಂದು ಕೊಡೆಯನ್ನು ಅಟ್ಟಕ್ಕೇರಿಸಿದವರು ಮರುದಿನವೇ ಅದನ್ನು ಕೆಳಗಿಳಿಸಬೇಕಾಗುವ ಭಾದ್ರಪದದ ಕೊನೆಯ ವಾರದಲ್ಲಿ, ಧಾರವಾಡದ ನನ್ನ ನೆರೆಮನೆಯ ಹಿರಿಯರ ಪಡಸಾಲೆಯಲ್ಲಿ ಕುಳಿತು ನಾನು ಕೇಳಿದ ಮಾತುಕತೆ ಇದು. ಹಿರಿಯರು ಕಾರವಾರದ ಕೋಡಿಬಾಗದಲ್ಲಿ ಹುಟ್ಟಿ, ಅಲ್ಲಿಯೇ ಶಾಲೆ ಕಲಿತು, ಉದ್ಯೋಗದ ನಿಮಿತ್ತ ಘಟ್ಟವನ್ನು ಹತ್ತಿ ಬಂದು, ಐವತ್ತು ವರ್ಷಗಳಿಂದ ಧಾರವಾಡದವರಾಗಿರುವವರು. ಆದರೂ ಕಡಲಿನ ಮಾತು ಬಂದೊಡನೆ ಅವರ ಧ್ವನಿ ಬದಲಾಗುವುದನ್ನು ನಾನು ಅನೇಕ ಸಲ ಗಮನಿಸಿದ್ದೇನೆ. ತರುಣಿಯು ಅವರ ತಮ್ಮನ ಮಗಳು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವಳು. ದಸರೆಯ ರಜೆಯ ಜನಸಂದಣಿ ಕರಗಿ ದೀಪಾವಳಿಯ ಸಂದಣಿ ಇನ್ನೂ ಕೂಡುವುದಕ್ಕೆ ಮೊದಲಿನ ಬಿಡುವಿನಲ್ಲಿ, ತನ್ನ ತಾಯಿಯನ್ನೂ ಗೆಳತಿಯರಿಬ್ಬರನ್ನೂ ಕರೆದುಕೊಂಡು, ಕಾರವಾರದ ಕೊಲ್ಲಿಯ ತೀರದಲ್ಲಿ ನಾಲ್ಕು ದಿವಸ ಇದ್ದು ಬರಬೇಕೆಂಬುದು ಅವಳ ಸಂಕಲ್ಪ. ನಕ್ಷೆಯೊಂದನ್ನು ಹಾಸಿಕೊಂಡು ಕುಳಿತಿದ್ದಳು. ಹಿರಿಯರ ಕೈಯಲ್ಲಿ ಪಂಚಾಂಗವಿತ್ತು.

ಹಿರಿಯರು: ಯಾವ ಊರಿಗೆ ಹೋಗುವುದಾದರೂ ದಾರಿಯನ್ನು ಕೇಳುವ ಮೊದಲು ಕಾಲವನ್ನು ಕೇಳಬೇಕು, ಮಗಳೇ. ನೀನು ಆರಿಸಿರುವ ಆಶ್ವಯುಜ ಬಹುಳವು ಕರಾವಳಿಯಲ್ಲಿ ಮಳೆಗಾಲವೂ ಅಲ್ಲ, ಚಳಿಗಾಲವೂ ಅಲ್ಲ. ಬೆಳಿಗ್ಗೆ ಮೈಯೆಲ್ಲ ಬೆವರುವ ಸೆಕೆ. ಮಧ್ಯಾಹ್ನ ಕಳೆಯಿತೆಂದರೆ ಘಟ್ಟದ ಕಡೆಯಿಂದ ಕಪ್ಪೇರಿ ಬರುವ ಮೋಡ. ಸಂಜೆಗೆ ಗುಡುಗು, ಮಿಂಚು, ಒಂದು ಜಡಿಮಳೆ. ಪುಷ್ಯ ಮಾಘಗಳಲ್ಲಿ ಹೋಗು. ಆಗ ಕೊಲ್ಲಿಯೆಂಬುದು ತಟ್ಟೆಯಲ್ಲಿಟ್ಟ ನೀರಿನಂತೆ ಅಲುಗದೆ ಇರುತ್ತದೆ. ಸದಾಶಿವಗಡದ ಮೇಲೆ ನಿಂತರೆ ಎದುರಿಗೆ ಕೂರ್ಮಗಡ, ಆಚೆಗೆ ದೇವಗಡದ ದೀಪಸ್ತಂಭ, ತೆಂಕಣ ದಿಕ್ಕಿನಲ್ಲಿ ಅಂಜುದೀವ, ಒಂದೊಂದೂ ಕೈಯಿಂದ ಮುಟ್ಟಬಹುದೆಂಬಷ್ಟು ಸ್ಪಷ್ಟವಾಗಿ ತೋರುತ್ತವೆ. ದೋಣಿಯವನು ಕರೆದಾಗ ಬರುತ್ತಾನೆ. ದಾರಿ ಒಣಗಿರುತ್ತದೆ. ನಿನ್ನ ತಾಯಿಗೆ ಮಂಡಿನೋವಿದೆಯೆಂಬುದನ್ನಾದರೂ ನೆನೆಯಬೇಡವೆ?

ತರುಣಿ: ಅಮ್ಮನೇ ಮೊದಲು ಈ ತಿಂಗಳನ್ನು ಹೇಳಿದವಳು, ದೊಡ್ಡಪ್ಪ. ಎರಡು ವರ್ಷದ ಹಿಂದೆ ಡಿಸೆಂಬರಿನ ಕೊನೆಯ ವಾರ ನಾವು ಹತ್ತಿರದ ಇನ್ನೊಂದು ಕಡಲೂರಿಗೆ ಹೋಗಿ ಬಂದೆವಲ್ಲ, ಅಲ್ಲಿ ಅವಳು ಕಂಡದ್ದು ಕಡಲನ್ನಲ್ಲ, ಕಡಲನ್ನು ನೋಡುತ್ತಿದ್ದವರ ಬೆನ್ನನ್ನು. ಗೋವೆಯಲ್ಲಿ ಕೋಣೆ ಸಿಗದವರೆಲ್ಲ ಗಡಿ ದಾಟಿ ಇತ್ತ ಬರುತ್ತಾರೆ, ಒಂದಕ್ಕೆ ಮೂರು ಬಾಡಿಗೆ, ಊಟಕ್ಕೆ ಸರದಿ, ರಾತ್ರಿಯೆಲ್ಲ ದಂಡೆಯ ಮೇಲೆ ಧ್ವನಿವರ್ಧಕ. ಈಗ ಹೋದರೆ ಗುಡ್ಡಗಳ ಹಸುರು ಇನ್ನೂ ಮಾಸಿರುವುದಿಲ್ಲ, ಕಾಳಿಯ ಇಕ್ಕೆಲದ ಗದ್ದೆಗಳಲ್ಲಿ ಭತ್ತ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ, ನದಿಯ ಕೆಂಬಣ್ಣ ಇಳಿಯುತ್ತ ಕಡಲಿನ ನೀಲಿ ಏರುತ್ತ ಅಳಿವೆಯ ಹತ್ತಿರ ಎರಡು ನೀರೂ ಎಲ್ಲಿ ಕೂಡುವುವೆಂಬುದು ಕಣ್ಣಿಗೆ ಕಾಣುತ್ತದೆ. ಸಂಜೆಯ ಒಂದು ಮಳೆಗೆ ಅಷ್ಟನ್ನೂ ಬಿಟ್ಟುಕೊಡಬೇಕೆ?

ಹಿರಿಯರು: ಒಂದು ಮಳೆಯೆಂದು ಹಗುರಾಗಿ ಹೇಳಬೇಡ. 2021ರ ಜುಲೈ ತಿಂಗಳಲ್ಲಿ ಒಂದೇ ವಾರದ ಮಳೆಗೆ ಯಲ್ಲಾಪುರದ ಕಡೆ ಕಳಚೆಯ ಗುಡ್ಡಗಳು ತೋಟ ಮನೆಗಳ ಸಮೇತ ಜಾರಿದವು, ಘಟ್ಟದ ದಾರಿಗಳು ಕಡಿದುಹೋದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಪಕ್ಕದಲ್ಲಿ ಚಹಾ ಮಾರಿಕೊಂಡಿದ್ದ ಬಡ ಸಂಸಾರವೊಂದನ್ನೂ, ದಾರಿಯ ಮೇಲೆ ನಿಂತಿದ್ದ ಲಾರಿಗಳನ್ನೂ ಗಂಗಾವಳಿಗೆ ನೂಕಿತು. ಒಂದು ಲಾರಿ ಅದರ ಚಾಲಕನ ದೇಹದೊಡನೆ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಆ ಗುಡ್ಡ ಕುಸಿದ ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ, ನಮ್ಮ ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವಿನ ಹಳೆಯ ಕಾಳಿ ಸೇತುವೆ ಮುರಿದು ಬಿತ್ತು. ನಾನು ತಾರಿಯಲ್ಲಿ ದಾಟುತ್ತಿದ್ದ ಹೊಳೆ ಅದು. ಸೇತುವೆ ಕಟ್ಟಿದಾಗ, ಇನ್ನು ಈ ಹೊಳೆಯ ಅಂಜಿಕೆ ತೀರಿತೆಂದು ಊರಿಗೆ ಊರೇ ಹಿಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತರುಣಿ: ನೀವು ಹೇಳಿದ ಮೂರೂ ಆಷಾಢ ಶ್ರಾವಣಗಳ ಸಂಗತಿಗಳು. ಆ ತಿಂಗಳಲ್ಲಿ ಹೋಗುವೆನೆಂದರೆ ನೀವು ಬಾಗಿಲಿಗೆ ಅಡ್ಡ ನಿಲ್ಲಿರಿ, ನಾನು ಒಪ್ಪಿಕೊಳ್ಳುತ್ತೇನೆ. ನಾನು ಹೊರಡುವುದು ಮಳೆ ಹಿಂದೆಗೆಯುವ ಕಾಲದಲ್ಲಿ.

ಹಿರಿಯರು: ಘಟ್ಟದ ಮಣ್ಣು ಪಂಚಾಂಗವನ್ನು ನೋಡಿ ಒಣಗುವುದಿಲ್ಲ. ನಾಲ್ಕು ತಿಂಗಳು ಕುಡಿದ ನೀರನ್ನು ಅದು ಕಾರ್ತಿಕದವರೆಗೂ ಒಡಲಲ್ಲಿಟ್ಟುಕೊಂಡಿರುತ್ತದೆ. ಇನ್ನು ಕಡಲಿನ ಮಾತು ಬೇಕೆಂದರೆ, 2019ರ ಅಕ್ಟೋಬರ್ ಕೊನೆಯ ವಾರದಲ್ಲಿ, ದೀಪಾವಳಿಯ ಹೊಸ್ತಿಲಲ್ಲೇ, ಕ್ಯಾರ್ ಎಂಬ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಎದ್ದು ನಮ್ಮ ದಂಡೆಯನ್ನೆಲ್ಲ ಅಲ್ಲೋಲಕಲ್ಲೋಲ ಮಾಡಿತು. ಮಳೆ ಹಿಂದೆಗೆಯುವ ಕಾಲವೆಂದು ನೀನು ಹೇಳುವ ಕಾಲವೇ ಆ ಕಡಲಿನಲ್ಲಿ ಬಿರುಗಾಳಿ ಹುಟ್ಟುವ ಕಾಲ.

ತರುಣಿ: ಹೌದು, ಮತ್ತು ಆ ವಾರ ಗೋವೆಯ, ಮಹಾರಾಷ್ಟ್ರದ, ಕೇರಳದ, ತಮಿಳುನಾಡಿನ ಮೀನುಗಾರಿಕೆಯ ದೋಣಿಗಳೆಲ್ಲ ಎಲ್ಲಿಗೆ ಓಡಿಬಂದು ಲಂಗರು ಹಾಕಿದವು, ದೊಡ್ಡಪ್ಪ? ಕಾರವಾರದ ಕೊಲ್ಲಿಗೇ ಅಲ್ಲವೆ? ಹೊರಗಿನ ಕಡಲು ಮುನಿದಾಗ ಹಾಯಿ ಇಳಿಸಿ ಆಶ್ರಯಿಸುವುದಕ್ಕೆ ಗುಡ್ಡಗಳೂ ದ್ವೀಪಗಳೂ ತಡೆಗಟ್ಟಿ ನಿಂತಿರುವ ಈ ನೀರನ್ನು ನಾವಿಕರು ಮುನ್ನೂರು ನಾನೂರು ವರ್ಷಗಳಿಂದ ನಂಬಿಕೊಂಡು ಬಂದಿದ್ದಾರೆಂಬುದನ್ನು ನನಗೆ ಹೇಳಿದವರು ನೀವೇ.

ಹಿರಿಯರು: ಹೇಳಿದೆನು. ಆದರೆ ಅದೇ ನಂಬಿಕೆಯಿಂದ ಕೆಟ್ಟವರ ಕಥೆಯನ್ನೂ ಹೇಳಿದ್ದೆನಲ್ಲ. 1662ರಲ್ಲಿ ಮುಂಬಯಿಯನ್ನು ಪೋರ್ತುಗೀಸರಿಂದ ವಹಿಸಿಕೊಳ್ಳುವುದಕ್ಕಾಗಿ ಇಂಗ್ಲೆಂಡಿನ ದೊರೆ ಕಳುಹಿಸಿದ ಅಬ್ರಹಾಂ ಶಿಪ್‌ಮನ್ ಎಂಬ ಸೇನಾನಿ, ಅಲ್ಲಿಯ ಅಧಿಕಾರಿಗಳು ಊರನ್ನು ಬಿಟ್ಟುಕೊಡಲಾಗದೆಂದಾಗ, ನಾನೂರರಷ್ಟು ಸೈನಿಕರೊಡನೆ ನಮ್ಮ ಅಂಜುದೀವಕ್ಕೆ ಬಂದು ಇಳಿದ. ಇಂದು ನಾಳೆ ಎಂದು ಕಾಯುತ್ತ ಆ ಬಂಡೆಯ ಮೇಲೆ ಮಳೆಗಾಲಗಳನ್ನು ಕಳೆದರು. 1665ರಲ್ಲಿ ಮುಂಬಯಿ ಅವರ ಕೈಗೆ ಬರುವ ಹೊತ್ತಿಗೆ ಆ ಸೇನಾನಿಯೂ ಇರಲಿಲ್ಲ, ಅವನ ಜನರಲ್ಲಿ ಬಹುಪಾಲು ಮಂದಿಯೂ ಇರಲಿಲ್ಲ. ರೋಗವೂ ಜಡಿಮಳೆಯೂ ಅವರನ್ನು ಅಲ್ಲಿಯೇ ಮಣ್ಣುಗೂಡಿಸಿದ್ದವು. ಆ ದ್ವೀಪವನ್ನು ದೂರದಿಂದ ನೋಡಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಎದುರಿಗೆ ಕೂಗಳತೆಯಲ್ಲಿ ಊರು, ಬೆಂಕಿ, ಬೆಚ್ಚನೆಯ ಮನೆಗಳು. ನಡುವೆ ದಾಟಲಾಗದ ನೀರು.

ತರುಣಿ: ಅವರು ಕೆಟ್ಟದ್ದು ಬಿಟ್ಟು ಹೋಗಲಾರದೆ, ನಾನು ನಾಲ್ಕು ದಿವಸಕ್ಕೆ ಹಿಂತಿರುಗುವವಳು. ಮಾತಿಗೆ ಮಾತಾಯಿತೆಂದು ತಿಳಿಯಬೇಡಿ, ಕೇಳಲೇಬೇಕಾದ್ದನ್ನು ಕೇಳುತ್ತೇನೆ. 2019ರಲ್ಲಿಯೇ, ಆದರೆ ಜನವರಿ 21ರಂದು, ಕೂರ್ಮಗಡದ ನರಸಿಂಹ ದೇವರ ಜಾತ್ರೆಗೆ ಹೋಗಿ ಹಿಂತಿರುಗುತ್ತಿದ್ದ ದೋಣಿ ಮಗುಚಿತು. ಅದು ಪುಷ್ಯದ ಹುಣ್ಣಿಮೆ. ನೀವು ಹೇಳುವ ಶಾಂತವಾದ ಕಡಲು, ಒಣಗಿದ ದಾರಿ, ತಿಳಿಯಾದ ಆಕಾಶ. ಹದಿನಾರು ಜೀವಗಳು ಹೋದವು.

ಹಿರಿಯರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆ ಜಾತ್ರೆಯನ್ನು ನಾನೂ ಒಂದು ಸಲ ದಡದಿಂದ ನೋಡಿದ್ದೆನು. ವರ್ಷಕ್ಕೊಮ್ಮೆ ಮೀನುಗಾರರು ದೋಣಿಗಳನ್ನು ಬಣ್ಣದ ಪತಾಕೆಗಳಿಂದಲೂ ಮಾವಿನ ತೋರಣಗಳಿಂದಲೂ ಸಿಂಗರಿಸಿ, ಇಡೀ ಸಂಸಾರವನ್ನು ಕೂರಿಸಿಕೊಂಡು, ತಮ್ಮನ್ನು ವರ್ಷವೆಲ್ಲ ಕಾಯ್ದ ದೇವರಿಗೆ ಕಾಯಿ ಒಡೆಯುವುದಕ್ಕಾಗಿ ಹೋಗುವ ದಿನ ಅದು. ಆ ಬೆಳಗಿನಲ್ಲಿ ಕೊಲ್ಲಿಯ ತುಂಬ ಹಾಯುವ ದೋಣಿಗಳನ್ನು ಕಂಡವನಿಗೆ ಅದೇ ನೀರಿನಲ್ಲಿ ಆ ಅಳಲು ಹುಟ್ಟಿತೆಂಬುದನ್ನು ನಂಬುವುದು ಕಷ್ಟ. ಮುಂದೆ ಮಾತು ಆಡಿದಾಗ ಹಿರಿಯರ ಧ್ವನಿಯಲ್ಲಿ ವಾದದ ಬಿರುಸು ಕಡಿಮೆಯಾಗಿತ್ತು.

ಹಿರಿಯರು: ಆ ದಿನ ದೋಣಿಯಲ್ಲಿ ತಾಳಬಹುದಾದುದಕ್ಕಿಂತ ಹೆಚ್ಚು ಜನ ಇದ್ದರು. ಕಡಲು ಶಾಂತವಾಗಿದೆಯೆಂಬ ಧೈರ್ಯವೇ ಮನುಷ್ಯನನ್ನು ಲೆಕ್ಕ ತಪ್ಪಿಸುತ್ತದೆ. ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಅದರಿಂದ ಕಡಲು ಕಲಕಿರುವ ಕಾಲ ಮೇಲೆಂದು ಹೇಗೆ ಸಿದ್ಧವಾಯಿತು? ಮಳೆಗಾಲ ಕಳೆದ ಮೊದಲ ತಿಂಗಳುಗಳಲ್ಲಿ ದಂಡೆ ಇನ್ನೂ ದಂಡೆಯಾಗಿರುವುದಿಲ್ಲ. ಅಲೆ ಕೊರೆದು ಕಡಿದಾಗಿಸಿರುತ್ತದೆ; ಕಾಲಿಟ್ಟರೆ ಮರಳು ಕೆಳಗಿನಿಂದ ಸರಿಯುತ್ತದೆ; ಈಜು ಬಲ್ಲವನನ್ನೂ ಒಳಸೆಳೆತ ಎಳೆದೊಯ್ಯುತ್ತದೆ.

ತರುಣಿ: ಅದನ್ನೇ ನೋಡಬೇಕೆಂದು ನಾನು ಹೊರಟಿರುವುದು. ನೀರಿಗೆ ಇಳಿಯುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟಿದ್ದೇನೆ, ನಿಮಗೂ ಕೊಡುತ್ತೇನೆ. ಆದರೆ ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಎತ್ತಿಕೊಂಡು ಹೋಗಿ ಕಡಲಿನೊಳಗೆ ದಿಣ್ಣೆಗಳಾಗಿ ಒಟ್ಟುತ್ತವೆಂದೂ, ಮಳೆ ನಿಂತ ಮೇಲೆ ಏಳುವ ಸಣ್ಣ ನೀಳ ಅಲೆಗಳು ಅದನ್ನೇ ಹಿಡಿಹಿಡಿಯಾಗಿ ದಡಕ್ಕೆ ಹಿಂದೆ ತಂದು ಹಾಸುತ್ತವೆಂದೂ ಓದಿದಂದಿನಿಂದ ನನಗೆ ಸಿದ್ಧವಾದ ದಂಡೆಗಿಂತ ಆಗುತ್ತಿರುವ ದಂಡೆಯನ್ನು ನೋಡುವ ಆಸೆ. ನಿಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ನಿಮ್ಮ ಕೋಡಿಬಾಗದಲ್ಲಿಯೇ ಕಡಲ ಜೀವಶಾಸ್ತ್ರದ ವಿಭಾಗವನ್ನು ನಡೆಸುತ್ತಿದೆಯಲ್ಲ. ಅಲ್ಲಿ ಓದಿದ ಗೆಳತಿಯೊಬ್ಬಳು ನಮ್ಮ ಜೊತೆಗೆ ಬರುವವಳು. ಬೆಳಿಗ್ಗೆ ಒಂದು ಕಡ್ಡಿ ನೆಟ್ಟು, ನಾಲ್ಕನೆಯ ದಿನ ಅದರ ಬುಡಕ್ಕೆ ಮರಳು ಎಷ್ಟು ಬಂದಿತೆಂದು ನೋಡೋಣವೆಂದಿದ್ದಾಳೆ.

ಹಿರಿಯರು: (ನಕ್ಷೆಯ ಮೇಲೆ ಬೆರಳಿಟ್ಟು) ನಾನು ಹುಡುಗನಾಗಿದ್ದಾಗ ಆ ಕಡ್ಡಿಯ ಕೆಲಸವನ್ನು ನಮ್ಮ ಓಣಿಯ ಮುದುಕರು ಕಣ್ಣಿನಲ್ಲಿಯೇ ಮಾಡುತ್ತಿದ್ದರು. ಮರಳು ಇಷ್ಟು ಬಂತು, ಇನ್ನು ರಂಪಣಿ ಎಳೆಯಬಹುದು ಎನ್ನುವರು. ರಂಪಣಿಯೆಂದರೆ ನಿನಗೆ ಹೆಸರು ಮಾತ್ರ ಗೊತ್ತು. ಒಬ್ಬೊಬ್ಬರ ಮನೆಯ ಬಲೆಯ ತುಂಡುಗಳನ್ನು ಜೋಡಿಸಿ ಹೊಲಿದ ಮಹಾಬಲೆ. ದೋಣಿಯಲ್ಲಿ ಅದನ್ನು ಅರ್ಧಚಂದ್ರಾಕಾರವಾಗಿ ಕಡಲಿಗೆ ಬಿಟ್ಟು ಬಂದ ಮೇಲೆ, ದಂಡೆಯ ಎರಡು ಕಡೆಯಲ್ಲಿಯೂ ಐವತ್ತು ಅರವತ್ತು ಜನ ನಿಂತು, ಹಗ್ಗ ಹಿಡಿದು, ಒಂದೇ ಸೊಲ್ಲಿಗೆ ಎಳೆಯುವರು. ಬಲೆಯ ಹೊಟ್ಟೆ ದಡಕ್ಕೆ ಸಮೀಪಿಸಿದಂತೆ ನೀರೆಲ್ಲ ಬಂಗಡೆಯಿಂದ ಕುದಿಯುತ್ತಿತ್ತು. ಬಲೆ ಕೊಟ್ಟವನಿಗೆ ಒಂದು ಪಾಲು, ಎಳೆದವನಿಗೆ ಒಂದು ಪಾಲು, ದೋಣಿಗೆ ಒಂದು ಪಾಲು. ಎಳೆಯಲಾರದ ವಿಧವೆಯ ಮನೆಗೂ ಬುಟ್ಟಿಯೊಂದು ಹೋಗುತ್ತಿತ್ತು. 1970ರ ದಶಕದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದ ಮೇಲೆ ಮೀನು ದಂಡೆಯವರೆಗೆ ಬರುವುದೇ ಕಡಿಮೆಯಾಯಿತು. ಹಗ್ಗ ಹಿಡಿಯುತ್ತಿದ್ದ ಕೈಗಳು ಚದರಿಹೋದವು.

ತರುಣಿ: ಆ ರಂಪಣಿಯ ಕಾಲ ಯಾವುದು, ದೊಡ್ಡಪ್ಪ?

ಹಿರಿಯರು: ನವರಾತ್ರಿಯಿಂದ ಮೇಲೆ. ಬಂಗಡೆ ದಡಕ್ಕೆ ಬರುವುದು ಆಗಲೇ.

ತರುಣಿ: ಎಂದರೆ ನಾನು ಆರಿಸಿದ ಕಾಲ. ಪ್ರವಾಸಿಗರು ‘ಸೀಸನ್ ಅಲ್ಲ’ ಎನ್ನುವ ಕಾಲ ಆ ಊರಿನವರ ಪಾಲಿಗೆ ಸುಗ್ಗಿಯೇ ಆಗಿತ್ತು. ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ಕಡಲಿಗಿಳಿಯಬಾರದೆಂಬ ನಿಷೇಧವಿದೆ; ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಅರ್ಪಿಸಿದ ಮೇಲೆ ವರ್ಷ ಮೊದಲಾಗುತ್ತದೆ; ಆಶ್ವಯುಜದ ಹೊತ್ತಿಗೆ ಬಂದರು ತುಂಬಿ ತುಳುಕುತ್ತಿರುತ್ತದೆ. ಊರು ತನ್ನ ಕೆಲಸದಲ್ಲಿ ತೊಡಗಿರುವಾಗ ಹೋಗಿ ಅದರ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದು ಒಂದು ಬಗೆ. ಊರು ತನ್ನ ಕೆಲಸವನ್ನು ಬಿಟ್ಟು ನಮ್ಮನ್ನು ಸತ್ಕರಿಸಲೆಂದು ಕಾದು ನಿಂತಿರುವಾಗ ಹೋಗುವುದು ಇನ್ನೊಂದು ಬಗೆ. ನನಗೆ ಮೊದಲನೆಯದು ಬೇಕು.

ಹಿರಿಯರು: ಮಾತು ಚೆನ್ನಾಗಿದೆ. ಆದರೆ ಎರಡನೆಯ ಬಗೆಯಿಂದ ಬದುಕುವವರೂ ಆ ದಂಡೆಯ ಮೇಲೆ ಇದ್ದಾರೆಂಬುದನ್ನು ಮರೆಯಬೇಡ. ದೋಣಿಯಲ್ಲಿ ದ್ವೀಪ ತೋರಿಸುವವನು, ಎಳನೀರು ಮಾರುವವಳು, ನಾಲ್ಕು ಕೋಣೆ ಕಟ್ಟಿ ಸಾಲ ತೀರಿಸುತ್ತಿರುವವನು, ಇವರೆಲ್ಲರಿಗೂ ಆ ಎರಡು ಮೂರು ತಿಂಗಳ ಗಳಿಕೆಯೇ ವರ್ಷದ ಅನ್ನ. ನೀನು ಕೋಣೆ ಖಾಲಿ ಇರುವ ವಾರವನ್ನು ನೋಡಿ, ಅರ್ಧ ಬಾಡಿಗೆಗೆ ಗೊತ್ತು ಮಾಡಿ, ಅದನ್ನು ಜಾಣತನವೆನ್ನುತ್ತೀ. ಅವನ ಕಷ್ಟಕಾಲವೇ ನಿನ್ನ ಲಾಭಕಾಲವಾಯಿತಲ್ಲವೆ?

ಈ ಮಾತು ಅವಳನ್ನು ತಾಗಿತೆಂದು ನನಗೆ ಕಂಡಿತು. ನಕ್ಷೆಯ ಅಂಚನ್ನು ಮಡಿಸುತ್ತ, ಬಿಡಿಸುತ್ತ, ಕೆಲವು ಕ್ಷಣ ಯೋಚಿಸಿದಳು.

ತರುಣಿ: ಅಗ್ಗವೆಂಬುದು ನನಗೆ ಒಂದು ಕಾರಣವಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ; ನಾಲ್ವರ ಖರ್ಚನ್ನು ಹೊರುವವಳು ನಾನು. ಆದರೆ ಖಾಲಿ ಕೋಣೆಯಿಂದ ಅವನಿಗೆ ಬರುವುದು ಏನೂ ಇಲ್ಲ, ಅರ್ಧವಾದರೂ ಬರಲಿ. ಎರಡು ತಿಂಗಳಲ್ಲಿ ಒಟ್ಟಿಗೆ ನುಗ್ಗುವ ಜನ ಐದಾರು ತಿಂಗಳಿಗೆ ಹಂಚಿಕೊಂಡು ಬಂದರೆ, ಅಡುಗೆಯವನಿಗೆ, ಕೋಣೆ ಗುಡಿಸುವವಳಿಗೆ ಅಷ್ಟು ತಿಂಗಳ ಸಂಬಳ. ಇನ್ನೊಂದು ಸಂಗತಿಯಿದೆ. ಕಡಲಾಮೆಗಳು ನಮ್ಮ ಆ ದಂಡೆಗಳಿಗೆ ಮೊಟ್ಟೆಯಿಡಲು ಬರುವುದು ಚಳಿಗಾಲದಲ್ಲಿ. ಊರಿನ ಹುಡುಗರೂ ಅರಣ್ಯ ಇಲಾಖೆಯವರೂ ರಾತ್ರಿ ಎಚ್ಚರವಿದ್ದು ಗೂಡುಗಳಿಗೆ ಬೇಲಿ ಕಟ್ಟುತ್ತಾರೆ. ದೀಪ, ಗದ್ದಲ, ಜನ ಎಲ್ಲವೂ ಅತ್ಯಂತ ಹೆಚ್ಚಾಗಿರುವ ತಿಂಗಳುಗಳೇ ಅವಕ್ಕೆ ಕತ್ತಲೂ ಮೌನವೂ ಬೇಕಾದ ತಿಂಗಳುಗಳು. ನೀವು ಹೇಳುವ ಕಾಲಕ್ಕೆ ನಾನು ಹೋದರೆ ಆ ಗುಂಪಿನಲ್ಲಿ ನಾನೂ ಒಬ್ಬಳು.

ಹಿರಿಯರು: ಹಾಗಾದರೆ ಐದಾರು ತಿಂಗಳಿಗೆ ಹಂಚಿಕೊಳ್ಳಿರಿ ಎಂದೆಯಲ್ಲ, ಆಮೇಲೆ ಎಂಟು ತಿಂಗಳಿಗೆ ಹಂಚಿಕೊಳ್ಳುವಿರಿ, ಆಮೇಲೆ ಹನ್ನೆರಡಕ್ಕೆ. ನೀನು ಮೌನವನ್ನು ಹುಡುಕಿಕೊಂಡು ಹೋಗಿ ಬಂದು ನಿನ್ನ ಹತ್ತು ಗೆಳತಿಯರಿಗೆ ಹೇಳುವೆ. ಮುಂದಿನ ಆಶ್ವಯುಜದಲ್ಲಿ ಆ ಮೌನ ಅಲ್ಲಿರುವುದಿಲ್ಲ. ಬಾವಿಗಳು ತುಂಬಿಕೊಳ್ಳುವುದಕ್ಕೆ, ದಂಡೆ ಮರಳನ್ನು ಮರಳಿ ಪಡೆಯುವುದಕ್ಕೆ, ಊರಿನವರು ತಮ್ಮತಮ್ಮೊಳಗೆ ಮದುವೆ ಮುಂಜಿ ಮಾತಾಡಿಕೊಳ್ಳುವುದಕ್ಕೆ ಯಾರೂ ಬಾರದ ಒಂದು ಕಾಲ ಬೇಡವೆ? ಮೊದಲೇ ಆ ಊರಿಗೆ ತನ್ನದೆಂದು ಉಳಿದ ದಂಡೆ ಎಷ್ಟು? 1986ರಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿತ್ತು. ದೇಶಕ್ಕೆ ಬೇಕಾದುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಳ್ಳಿಗೆ ಹಳ್ಳಿಗಳೇ ಎದ್ದು ಹೋದವು, ನಾನು ಶಂಖ ಆಯುತ್ತಿದ್ದ ಅರ್ಗಾದ ದಂಡೆ ಬೇಲಿಯ ಒಳಗಾಯಿತು, ಅಂಜುದೀವವೂ ಅದರ ಪಾಲಿಗೆ ಹೋಯಿತು. 2020ರ ಜನವರಿಯಲ್ಲಿ ಬೈತಖೋಲ ಬಂದರಿನ ವಿಸ್ತರಣೆ ಟಾಗೋರ್ ಕಡಲತೀರದ ಕಡೆಗೆ ಸರಿದಾಗ ಮೀನುಗಾರರು, ಹೆಂಗಸರು ಮಕ್ಕಳೆನ್ನದೆ, ಬೀದಿಗಿಳಿದದ್ದು ಏತಕ್ಕೆ? ಬಲೆ ಒಣಗಿಸುವುದಕ್ಕೆ ಉಳಿದ ಒಂದು ದಂಡೆಯಾದರೂ ಇರಲಿ ಎಂದು.

ತರುಣಿ: ಆ ದಂಡೆಯನ್ನು ಉಳಿಸಿಕೊಳ್ಳಬೇಕೆಂದು ಊರ ಹೊರಗಿನ ಜನ ದನಿಗೂಡಿಸಿದರೆಂದರೆ, ಅವರು ಅದನ್ನು ಒಮ್ಮೆಯಾದರೂ ಕಂಡವರಾದುದರಿಂದ ಅಲ್ಲವೆ? ಕಾಣದುದಕ್ಕಾಗಿ ಯಾರು ಮರುಗುವರು? ಆ ತೀರಕ್ಕೆ ಹೆಸರು ಬಂದದ್ದೂ ಒಬ್ಬ ಪ್ರವಾಸಿಯಿಂದ.

ಹಿರಿಯರ ಮುಖದಲ್ಲಿ ಆಗ ಮೂಡಿದ ಪ್ರಸನ್ನತೆಯನ್ನು ನಾನು ಬಲ್ಲೆ. ಕಾರವಾರದವರೆಲ್ಲರ ಮುಖದಲ್ಲಿಯೂ ಈ ಪ್ರಸಂಗಕ್ಕೆ ಅದು ಮೂಡುತ್ತದೆ. ಕಳೆದ ಶತಮಾನಕ್ಕೂ ಹಿಂದಿನ ಶತಮಾನದ ಎಂಬತ್ತರ ದಶಕದ ಆದಿಯಲ್ಲಿ, ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ರವೀಂದ್ರನಾಥ ಟಾಗೋರರಿಗೆ ಆಗ ಇಪ್ಪತ್ತೊಂದೋ ಇಪ್ಪತ್ತೆರಡೋ ವರ್ಷ. ಗಾಳಿಮರಗಳ ಸಾಲು, ಬಾಗಿದ ದಂಡೆ, ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿ ಏರಿ ಹೋದದ್ದು, ಹಿಂತಿರುಗುವಾಗ ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದು, ಇವೆಲ್ಲವನ್ನೂ ಅವರು ಮುಂದೆ ತಮ್ಮ ಜೀವನಸ್ಮೃತಿಯಲ್ಲಿ ಬರೆದಿರುವರು. ‘ಪ್ರಕೃತಿಯ ಪ್ರತಿಶೋಧ’ವೆಂಬ ನಾಟಕವನ್ನು ರಚಿಸಿದ್ದು ಅಲ್ಲಿಯೇ. ಬಂಧನಗಳನ್ನೆಲ್ಲ ಕಡಿದುಕೊಂಡೆನೆಂದು ತಿಳಿದ ಸಂನ್ಯಾಸಿಯೊಬ್ಬ, ಒಬ್ಬ ಅನಾಥ ಬಾಲಿಕೆಯ ಮೂಲಕ ಮತ್ತೆ ಲೋಕದ ಪ್ರೀತಿಗೆ ಮರಳುವ ಕಥೆ ಅದು. ಕಡಲು, ನದಿ, ಬೆಟ್ಟ ಮೂರೂ ಒಂದನ್ನೊಂದು ಮುಟ್ಟಿಕೊಂಡಿರುವ ಆ ಎಡೆಯಲ್ಲಿ ಹಾಗೆ ಬರೆಯಬೇಕೆಂದು ತೋರುವುದು ಸಹಜವೆಂದೇ ನನ್ನ ಎಣಿಕೆ. ಅಷ್ಟು ವಿಶಾಲವಾದ ನೀರಿನ ಮುಂದೆಯೂ ಅಲ್ಲಿ ಮನುಷ್ಯನ ಮನೆಯ ದೀಪ ಎಂದೂ ದೂರವಿರುವುದಿಲ್ಲ.

ಹಿರಿಯರು: ಅವರು ಬಂದದ್ದು ನಾಲ್ಕು ದಿವಸಕ್ಕಲ್ಲ, ಮಗಳೇ. ಅಣ್ಣನ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದರು. ಕಾಲವನ್ನು ಆರಿಸಬೇಕಾದ ಪ್ರಮೇಯವಿರಲಿಲ್ಲ. ಕಾಲವೇ ಅವರ ಬಳಿಗೆ ಬಂದು, ಒಂದು ದಿನ ಮೋಡವಾಗಿ, ಒಂದು ದಿನ ಬೆಳದಿಂಗಳಾಗಿ, ತನ್ನನ್ನು ತೋರಿಕೊಂಡು ಹೋಯಿತು. ನಾಲ್ಕು ದಿವಸಕ್ಕೆ ಹೋಗುವವರು ಮಾತ್ರ ಒಳ್ಳೆಯ ಕಾಲ, ಕೆಟ್ಟ ಕಾಲ, ನಡುವಿನ ಕಾಲವೆಂದು ಎಣಿಸಬೇಕಾಗುತ್ತದೆ.

ತರುಣಿ: ಅದು ನನಗೂ ನೋವಿನ ಮಾತು. ನನಗಿರುವುದು ನಾಲ್ಕೇ ದಿವಸ. ಇರುವ ನಾಲ್ಕನ್ನು ಎಲ್ಲಿ ಇಟ್ಟರೆ ಹೆಚ್ಚು ಕಂಡೇನೆಂದು ಕೇಳುವ ಹಕ್ಕಾದರೂ ನನಗಿಲ್ಲವೆ?

ಹಿರಿಯರು: ಇದೆ. ತೋರಿಸು ನಿನ್ನ ಏರ್ಪಾಡನ್ನು.

ಅವಳು ನಕ್ಷೆಯನ್ನು ಅವರ ಕಡೆಗೆ ತಿರುಗಿಸಿದಳು. ಬೆಂಗಳೂರಿನಿಂದ ನೇರವಾಗಿ ಕಾರವಾರಕ್ಕೆ ಪಂಚಗಂಗಾ ರೈಲು ಇದ್ದರೂ, ತಾಯಿಯ ಆಸೆಯಂತೆ ಧಾರವಾಡಕ್ಕೆ ಬಂದು, ಇಲ್ಲಿಂದ ಹಳಿಯಾಳ, ದಾಂಡೇಲಿ, ಜೋಯಿಡಾ ಮಾರ್ಗವಾಗಿ ಅಣಶಿ ಘಟ್ಟವನ್ನಿಳಿದು, ಕದ್ರಾದ ಮೇಲಿಂದ ಕಾಳಿಯ ಜೊತೆಜೊತೆಗೇ ಕಡಲಿಗೆ ಹೋಗುವುದೆಂದು ಅವಳ ಲೆಕ್ಕ. ಹಿಂತಿರುಗುವಾಗ ಅರಬೈಲು ಘಟ್ಟ. ಕೋಣೆ ದಂಡೆಯ ಮೇಲಲ್ಲ, ಊರಿನೊಳಗೆ. ಹೊರಗಿನ ತಿರುಗಾಟವೆಲ್ಲ ಮಧ್ಯಾಹ್ನದ ಊಟಕ್ಕೆ ಮೊದಲು. ಆಮೇಲೆ ಮೋಡ ಕಟ್ಟಿದರೆ ಜಗಲಿಯಲ್ಲಿ ಕುಳಿತು ನೋಡುವುದು. ಮೊದಲ ಬೆಳಗು ಮೀನುಪೇಟೆ, ಎರಡನೆಯದು ಸದಾಶಿವಗಡ, ಮೂರನೆಯದು ದೇವಬಾಗದ ಗಾಳಿಮರಗಳು, ನಾಲ್ಕನೆಯದನ್ನು ಏನೂ ಬರೆಯದೆ ಬಿಟ್ಟಿದ್ದಳು.

ಹಿರಿಯರು: ಅಣಶಿಯಲ್ಲಿ ಇಳಿಯುವ ಮುಂಚೆ ದಾರಿ ತೆರೆದಿದೆಯೇ ಎಂದು ಜೋಯಿಡಾದಲ್ಲಿ ವಿಚಾರಿಸಿಕೊಂಡು ಇಳಿಯತಕ್ಕದ್ದು. ಕತ್ತಲಾಗುವ ಮೊದಲೇ ಘಟ್ಟವನ್ನು ಕಳೆಯಬೇಕು. ಅದು ಹುಲಿಯ ಕಾಡು, ಮಂಜೂ ಇಳಿಯುತ್ತದೆ. ಕೂರ್ಮಗಡಕ್ಕೆ ದೋಣಿ ಬಿಡುವರೆಂದು ಯಾರಾದರೂ ಹೇಳಿದರೂ ಹೋಗಬೇಡ. ಸದಾಶಿವಗಡದಿಂದಲೇ ನೋಡು. ಬೆಳಿಗ್ಗೆ ಏಳರೊಳಗೆ ಹತ್ತಿದರೆ ಬಿಸಿಲು ನಿನ್ನ ಬೆನ್ನ ಹಿಂದಿನಿಂದ ದ್ವೀಪಗಳ ಮೇಲೆ ಬೀಳುತ್ತದೆ.

ತರುಣಿ: ಕೂರ್ಮಗಡಕ್ಕೆ ಹೋಗಬೇಕೆಂದೇ ನಾಲ್ಕನೆಯ ದಿನವನ್ನು ಬಿಟ್ಟಿದ್ದೆ. ಆ ದಿನದ ಕಡಲನ್ನು ನೋಡಿ, ಅಲ್ಲಿಯ ಮೀನುಗಾರರನ್ನು ಕೇಳಿ ನಿರ್ಧರಿಸುತ್ತೇನೆ. ಇಲ್ಲಿಂದಲೇ ಇಲ್ಲವೆನ್ನಲಾರೆ.

ಹಿರಿಯರು: ಕೇಳು. ಆದರೆ ದೋಣಿಗೆ ಜನ ಕರೆಯುವವನನ್ನಲ್ಲ, ಆ ದಿನ ಸ್ವಂತ ಪಾತಿದೋಣಿಯನ್ನು ಹೊರಡಿಸದೆ ದಡದಲ್ಲೇ ಕುಳಿತು ಬಲೆ ಹೊಲಿಯುತ್ತಿರುವವನು ಸಿಕ್ಕಿದರೆ ಅವನನ್ನು ಕೇಳು. ಹೊರಡುವ ದಿನ ಯಾವುದೆಂದೆ?

ತರುಣಿ: ಸೀಗೆ ಹುಣ್ಣಿ‌ಮೆಯ ಮೂರನೆಯ ದಿನ.

ಹಿರಿಯರು ಕನ್ನಡಕವನ್ನು ಏರಿಸಿಕೊಂಡು ಪಂಚಾಂಗದ ಹಾಳೆ ತಿರುವಿದರು. ಬೆರಳು ಒಂದು ಸಾಲಿನ ಮೇಲೆ ನಿಂತು, ಎರಡು ಸಾಲು ಮೇಲಕ್ಕೆ ಸರಿಯಿತು.

ಹಿರಿಯರು: ಮೂರನೆಯ ದಿನವೇಕೆ? ಹುಣ್ಣಿಮೆಗೇ ಅಲ್ಲಿರಬಹುದಲ್ಲ. ಮಳೆಯಿಂದ ತೊಳೆದ ಆಕಾಶದಲ್ಲಿ ಸೀಗೆ ಹುಣ್ಣಿಮೆಯ ಚಂದ್ರ ಕಾಳಿಯ ಮೇಲೆ ಏಳುವುದನ್ನು ನಾನು ಒಂದೇ ಸಲ ಕಂಡದ್ದು, ಹನ್ನೆರಡನೆಯ ವಯಸ್ಸಿನಲ್ಲಿ, ನನ್ನ ತಂದೆಯ ಪಕ್ಕ ತಾರಿಯ ಅಂಚಿನ ಹಲಗೆಯ ಮೇಲೆ ಕುಳಿತು. ಕಡವಾಡದ ಕಡೆಯಿಂದ ಒಂದು ದೋಣಿ ಮಾಡಿಕೊಂಡು, ಇಳಿತದ ನೀರಿನಲ್ಲಿ ಹಾಗೆಯೇ ತೇಲುತ್ತ ಅಳಿವೆಯವರೆಗೆ ಬಂದರೆ... ನಿಮ್ಮ ಜೊತೆಗೆ ನಾನೂ ಬರಬಹುದೆಂದು ತೋರುತ್ತದೆ.

ತರುಣಿ: ಹುಣ್ಣಿಮೆಯ ಹೊತ್ತಿಗೆ ಭರತ ಇಳಿತಗಳ ಸೆಳೆತ ಹೆಚ್ಚು, ದೊಡ್ಡಪ್ಪ. ಮಳೆಯ ನೀರೂ ನದಿಯಲ್ಲಿ ಇನ್ನೂ ಇಳಿದಿರುವುದಿಲ್ಲ. ಎರಡೂ ಕೂಡಿ ಅಳಿವೆಯಲ್ಲಿ ಹೊರಮುಖವಾಗಿ ಹರಿಯುವಾಗ ರಾತ್ರಿಯ ಹೊತ್ತು ಒಂದು ಚಿಕ್ಕ ದೋಣಿಯಲ್ಲಿ ನಿಮ್ಮನ್ನು ಕರೆದುಕೊಂಡು ಹೋಗಲಾರೆ. ಅದಕ್ಕೆಂದೇ ಮೂರು ದಿನ ಬಿಟ್ಟದ್ದು.

ಹಿರಿಯರು: ಹಾಗಾದರೆ ದಡದಲ್ಲಿಯೇ ಕುಳಿತು ನೋಡೋಣ. ಕೋಡಿಬಾಗದ ಹಳೆಯ ತಾರಿಕಟ್ಟೆಯ ಹತ್ತಿರ ಒಂದು ಕಲ್ಲಿತ್ತು.

ತರುಣಿ: ಸಂಜೆಗೆ ಗುಡುಗು ಬಂದರೆ?

ಹೊರಗೆ ಮಳೆ ಮತ್ತೆ ಹಿಡಿದಿತ್ತು. ಹಿರಿಯರು ಉತ್ತರ ಕೊಡದೆ, ಒಳಗಿನ ಕೋಣೆಯತ್ತ ತಿರುಗಿ, ಅಟ್ಟಕ್ಕೇರಿಸಿದ ದೊಡ್ಡ ಕೊಡೆಯನ್ನು ಯಾರಾದರೂ ಇಳಿಸಿರೆಂದು ಕೂಗಿದರು.